ಸುತ್ತು ತಪ್ಪದ ಅಕ್ಕ

ಅಕ್ಕನಿಗೆ ರಕ್ತ ಬೇಕಾಗಿದ್ದ ದಿನ, ಕೊಡುತ್ತೇನೆಂದು ಹೋದವನು ನಾನು ಕೊಡದೆ ಓಡಿಬಂದೆ. ಬಸ್ಸು ಸಿಗಲಿಲ್ಲ, ರಜೆ ಕೊಡಲಿಲ್ಲ ಎಂಬಂಥ ಕಾರಣವೇನೂ ಇರಲಿಲ್ಲ. ಆಸ್ಪತ್ರೆಯ ರಕ್ತನಿಧಿಯ ಬೆಂಚಿನ ಮೇಲೆ ಕೂತಿದ್ದೆ. ಬೆರಳಿಗೆ ಸೂಜಿ ಚುಚ್ಚಿ ಆಗಿತ್ತು, ಹತ್ತಿ ಒತ್ತಿಕೊಂಡಿದ್ದೆ. ಎದ್ದು ಹೊರಗೆ ಬಂದುಬಿಟ್ಟೆ. ಅವಳು ಮೇಲಿನ ಮಹಡಿಯ ವಾರ್ಡಿನಲ್ಲಿ ಮಲಗಿ ನನ್ನ ದಾರಿ ಕಾಯುತ್ತಿದ್ದಳು.

ಅಕ್ಕ ತೀರಿಕೊಂಡು ಈಗ ಮೂರು ತಿಂಗಳಾಯಿತು. ಅವಳ ಜೊತೆ ಕೆಲಸ ಮಾಡಿದ ಹೆಂಗಸರು ದಾರಿಯಲ್ಲಿ ಸಿಕ್ಕಾಗಲೆಲ್ಲ ಅವಳದೊಂದು ಮಾತು ತೆಗೆಯುತ್ತಾರೆ. ಕೊನೆಗೆ ಎಲ್ಲರೂ, ತಮ್ಮ ಅಂತ ನೀನೊಬ್ಬ ಇದ್ದೆಯಲ್ಲ, ಅದೇ ಅವಳಿಗೆ ಆಸರೆ, ಎನ್ನುತ್ತಾರೆ. ಅದನ್ನು ಕೇಳಿಸಿಕೊಂಡು ತಲೆಯಾಡಿಸಿ ಬರುವುದು ಇನ್ನು ನನ್ನಿಂದಾಗದು. ನಾನು ಓದಿದ್ದು ಏಳನೇ ಕ್ಲಾಸು, ಅವಳು ಐದು. ಬಂದಷ್ಟು ಬರೆಯುತ್ತೇನೆ.

ಪೀಣ್ಯ ಎರಡನೇ ಹಂತದ ಒಂದು ಶೀಟಿನ ಶೆಡ್ಡಿನಲ್ಲಿ ಅಕ್ಕ ಕಾಯಿಲ್ ಸುತ್ತುತ್ತಿದ್ದಳು. ಟೀವಿಗೆ, ಫ್ರಿಜ್ಜಿಗೆ ಸ್ಟೆಬಿಲೈಜರ್ ಇಡುತ್ತಾರಲ್ಲ, ಅದರೊಳಗಿನ ಟ್ರಾನ್ಸ್‌ಫಾರ್ಮರಿಗೆ ಹಾಕುವ ತಾಮ್ರದ ಸುರುಳಿ ಅದು. ಎಡಗೈಯಲ್ಲಿ ಕೂದಲೆಳೆಯಂಥ ತಂತಿ ಹಿಡಿದು ಬಲಗೈಯಲ್ಲಿ ಮಷೀನಿನ ಹಿಡಿಕೆ ತಿರುಗಿಸಬೇಕು. ಇಂತಿಷ್ಟು ಸುತ್ತು ಎಂದು ಚೀಟಿ ಬರೆದುಕೊಟ್ಟಿರುತ್ತಾರೆ. ಒಂದು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದು. ಎಣಿಸಲು ಮಷೀನಿನಲ್ಲೇ ಒಂದು ಮೀಟರ್ ಇರುತ್ತದೆ. ಅಕ್ಕನ ಮಷೀನಿನದು ಕೆಟ್ಟು ಯಾವ ಕಾಲವಾಗಿತ್ತೋ. ಅವಳು ರಿಪೇರಿ ಮಾಡಿಸಿ ಎನ್ನಲಿಲ್ಲ, ಅವರೂ ಮಾಡಿಸಲಿಲ್ಲ. ಬಾಯಲ್ಲೇ ಎಣಿಸುತ್ತಿದ್ದಳು. ನೂರಾದಾಗೊಮ್ಮೆ ಕೈ ನಿಲ್ಲಿಸಿ, ಮಡಿಲಿನಿಂದ ಒಂದು ಹುಣಸೆ ಬೀಜ ತೆಗೆದು ಎದುರಿನ ಡಬ್ಬಿಗೆ ಹಾಕುತ್ತಿದ್ದಳು.

ನಾನು ಕೆಲಸ ಮಾಡುವ ಲೇತ್ ಶಾಪು ಅಲ್ಲಿಂದ ಎರಡು ರಸ್ತೆ ಆಚೆ. ಊಟದ ಹೊತ್ತಿಗೆ ನಾನೇ ಅಲ್ಲಿಗೆ ಹೋಗುತ್ತಿದ್ದೆ. ಮಾತನಾಡಿಸಿದರೆ ಅವಳು ತಂತಿ ಹಿಡಿದ ಎಡಗೈಯ ಕೊನೆಯ ಎರಡು ಬೆರಳು ಎತ್ತಿ ತೋರಿಸುತ್ತಿದ್ದಳು. ಇರು, ಎಣಿಕೆ ನಡೆದಿದೆ ಎಂದು ಅರ್ಥ. ಯಜಮಾನರೇ ಬಂದು ನಿಂತರೂ ಅವೇ ಎರಡು ಬೆರಳು. ಅವು ಕೆಳಗಿಳಿಯುವವರೆಗೆ ಯಾರೂ ಉಸಿರೆತ್ತುವಂತಿಲ್ಲ. ಮನೆಯಲ್ಲಿ ಒಲೆಯ ಮೇಲಿನ ಹಾಲು ನೋಡುತ್ತಿರುವಾಗಲೂ, ಯಾರಾದರೂ ಕರೆದರೆ ಬೆರಳು ತಾವಾಗಿ ಎದ್ದು ನಿಲ್ಲುತ್ತಿದ್ದವು. ನಾನು ನಗುತ್ತಿದ್ದೆ. ಹಾಲಿನಲ್ಲಿ ಏನಿದೆ ಎಣಿಸಲು ಎಂದರೆ, ನಿನ್ನ ತಲೆ, ಎನ್ನುತ್ತಿದ್ದಳು.

ಎಣಿಕೆ ತಪ್ಪಿದರೆ ಬೇರೆಯವರು ಅಂದಾಜಿನಲ್ಲಿ ಹತ್ತು ಸುತ್ತು ಸೇರಿಸಿ, ಮೇಲೆ ಕಾಗದ ಸುತ್ತಿ ಮುಗಿಸುತ್ತಿದ್ದರು. ಅಕ್ಕನದು ಹಾಗಲ್ಲ. ಸಾವಿರ ಸುತ್ತು ಆಗಿರಲಿ, ಪೂರ್ತಿ ಬಿಚ್ಚುತ್ತಿದ್ದಳು. ಯಾರಿಗೂ ಕಾಣದ ತಪ್ಪಿಗೆ ಇಷ್ಟು ಯಾಕೆ ಒದ್ದಾಡುತ್ತೀ ಎಂದು ಒಮ್ಮೆ ಕೇಳಿದೆ.

"ಜನಕ್ಕೆ ಕಾಣಕ್ಕಿಲ್ಲ ಕಣೋ, ಕರೆಂಟ್ಗೆ ಕಾಣ್ತದೆ," ಎಂದಳು.

ತುಂಡು ತಂತಿಯನ್ನು ಅವಳು ಎಸೆದದ್ದು ನಾನು ಕಾಣೆ. ಮುರಿದ ಕೊಡೆಯ ಕಡ್ಡಿ, ಕಿತ್ತುಹೋದ ಚಪ್ಪಲಿ, ಸೀಮೆಎಣ್ಣೆ ಸ್ಟೋವಿನ ಕಾಲು, ಎಲ್ಲಕ್ಕೂ ತಾಮ್ರದ ಕಟ್ಟು. ಅವಳ ಸೀರೆಗೆ ಯಾವಾಗಲೂ ಸುರುಳಿಗೆ ಬಳಿಯುವ ವಾರ್ನಿಷಿನ ವಾಸನೆ. ನಮ್ಮವ್ವ ಸತ್ತಾಗ ನನಗೆ ಒಂಬತ್ತು ವರ್ಷ. ಆಮೇಲೆ ನನ್ನ ಪಾಲಿಗೆ ತಾಯಿಯ ವಾಸನೆ ಎಂದರೆ ಅದೇ.

ಮಾಕಳಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಕ್ಕನನ್ನು ಮದುವೆಯಾಗಿದ್ದ ಭಾವ ಲೇತ್ ಕೆಲಸದವರು. ನನಗೆ ಮಷೀನು ಹಿಡಿಯಲು ಕಲಿಸಿದ್ದೂ ಅವರೇ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕನ್ನಡಿ ತಗುಲಿಹಾಕಿ ಒಂದೇ ಬ್ಲೇಡಿನಲ್ಲಿ ಮೊದಲು ಅವರು, ಆಮೇಲೆ ನಾನು ಗಡ್ಡ ಹೆರೆದುಕೊಳ್ಳುತ್ತಿದ್ದೆವು. ಮೀಸೆ ಬಂದ ಹೊಸತರಲ್ಲಿ ನನಗೆ ಅದೊಂದು ದೊಡ್ಡ ಗೌರವ. ಭಾವ ಕೆಮ್ಮಿ ಕೆಮ್ಮಿ ಒಣಗಿ ಹೋದರು. ಟೀಬಿ ಎಂದೇ ನಾವು ತಿಳಿದಿದ್ದೆವು. ಅವರು ಹೋದ ಮೇಲೆ ಆಸ್ಪತ್ರೆಯವರು ಅಕ್ಕನನ್ನು ಕರೆಸಿ ರಕ್ತ ತೆಗೆದರು.

ಫಲಿತಾಂಶ ಹೇಳುವ ದಿನ ನಾನೂ ಹೋಗಿದ್ದೆ. ಅಲ್ಲಿನ ಸಲಹೆಗಾರರು ಬಾಗಿಲು ಮುಚ್ಚಿ, ಕುರ್ಚಿ ಹತ್ತಿರ ಎಳೆದುಕೊಂಡು, ಪಾಸಿಟಿವ್ ಬಂದಿದೆ ಅಮ್ಮ, ಎಂದರು. ಎಚ್‌ಐವಿ ಎಂಬುದನ್ನು ಆಮೇಲೆ ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಮೊದಲಿನ ಮಾತು. ಲೋಟದಿಂದ, ತಟ್ಟೆಯಿಂದ, ಮುಟ್ಟುವುದರಿಂದ ಬರುವುದಿಲ್ಲ ಎಂದು ಬಿಡಿಸಿ ಹೇಳಿದರು. ರಕ್ತದಿಂದ ಬರಬಹುದು, ಸೂಜಿಯಿಂದ ಬರಬಹುದು, ಅಪರೂಪಕ್ಕೆ ಬ್ಲೇಡಿನಿಂದಲೂ, ಎಂದರು. ಅಕ್ಕ ನೆಲ ನೋಡುತ್ತಿದ್ದಳು. ನಾನು ನನ್ನ ಗಲ್ಲ ಮುಟ್ಟಿ ನೋಡಿಕೊಂಡೆ. ಅಲ್ಲಿಂದ ಶುರುವಾಯಿತು ನನ್ನ ಹೆದರಿಕೆ.

ನಿಮ್ಮದೂ ಒಮ್ಮೆ ನೋಡೋಣವೇ ಎಂದು ಅವರು ಕೇಳಿದ್ದರು. ಇನ್ನೊಂದು ದಿನ ಬರುತ್ತೇನೆ ಎಂದೆ. ಹೋಗಲಿಲ್ಲ.

ಅಕ್ಕ ಮಾತ್ರ ಮಾರನೆಯ ದಿನವೇ ಕೆಲಸಕ್ಕೆ ಹೋದಳು. ಒಂದು ವರ್ಷ ಹಾಗೇ ಸಾಗಿತು. ಒಂದು ಮಧ್ಯಾಹ್ನ ನಾನು ಹೋದಾಗ ಅವಳು ಶೆಡ್ಡಿನ ಹೊರಗೆ ಕಲ್ಲಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಬಿಚ್ಚಿದ ತಂತಿ ಗೋಜಲು ಗೋಜಲಾಗಿ ಬಿದ್ದಿತ್ತು.

"ಎಣಿಕೆ ತಪ್ತು ಕಣೋ ಚಿಕ್ಕೋನೆ," ಎಂದಳು. "ಇವತ್ತು ಮೂರು ಸಲ."

ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಿವಿಯಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ ಸದ್ದು ಬರುತ್ತಿದೆಯಂತೆ. ಸುತ್ತು ತಪ್ಪಿದ್ದಕ್ಕೆ ಅವಳು ಹೆದರಿದ್ದಳೇ ಹೊರತು ಆ ಸದ್ದಿಗಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಉಗುರು ಒತ್ತಿ ನೋಡಿ, ಯಾವ ಊರು ಎಂದು ಕೇಳಿದರು. ಮಾಕಳಿ ಎಂದೆವು. ಹೊಲ ಇತ್ತಾ ಎಂದರು. ಇತ್ತು, ರಾಗಿ ಬೆಳೆಯುತ್ತಿದ್ದೆವು, ಈಗ ಅಲ್ಲಿ ಗೋಡೌನು ಎಂದಳು ಅಕ್ಕ. ಹಾಗಾದರೆ ಒಟ್ಲು ಗೊತ್ತಲ್ಲ ಎಂದು ಡಾಕ್ಟರಮ್ಮ ಕಾಗದ ಪೆನ್ನು ತೆಗೆದುಕೊಂಡರು. ರಾಗಿ ಪೈರನ್ನು ಹೊಲಕ್ಕೆ ನಾಟಿ ಮಾಡುವ ಮೊದಲು ಒಂದು ಸಣ್ಣ ಮಡಿಯಲ್ಲಿ ಬೀಜ ಚೆಲ್ಲಿ ಸಸಿ ಮಾಡುತ್ತೇವಲ್ಲ, ಅದು ಒಟ್ಲು.

ಅವರು ಹೇಳಿದ್ದು ನನಗೆ ನೆನಪಿರುವಷ್ಟು ಇದು. ಮೈಯಲ್ಲಿ ಓಡುವ ರಕ್ತ ಹೊಲದ ಪೈರಿನ ಹಾಗೆ. ಅದರ ಒಟ್ಲು ಇರುವುದು ಮೂಳೆಯ ಒಳಗೆ, ಮಜ್ಜೆಯಲ್ಲಿ. ಅಲ್ಲಿ ರಕ್ತದ ಸಸಿಗಳು ಹಗಲೂ ರಾತ್ರಿ ಮೊಳೆಯುತ್ತಿರುತ್ತವೆ. ಬಲಿತವು ಹೊರಗೆ ಬಂದು ಕೆಂಪು ಕಣ ಆಗುತ್ತವೆ, ಬಿಳಿ ಕಣ ಆಗುತ್ತವೆ. ಹಳೆಯವು ಸಾಯುತ್ತವೆ, ಹೊಸವು ಬರುತ್ತವೆ. ಈ ವೈರಸ್ಸು ಆ ಸಸಿಗಳ ಒಳಗೆ ಹೊಕ್ಕು ತಿನ್ನುವುದು ಕಡಿಮೆ. ಅದು ಮಣ್ಣು ಕೆಡಿಸುತ್ತದೆ. ಮಣ್ಣು ಕೆಟ್ಟ ಮೇಲೆ ಮೊಳಕೆಗಳು ಬಲಿಯುವ ಮೊದಲೇ ತಾವಾಗಿ ಸಾಯುತ್ತವೆ.

ಅಕ್ಕ ಕಾಗದವನ್ನು ತಿರುಗಿಸಿ ನೋಡಿದಳು. "ಅಂಗಾರೆ ಒಲಕ್ಕೆ ಎಷ್ಟು ನೀರು ಬಿಟ್ರೂ ಇಷ್ಟೇಯಾ. ಒಟ್ಲೇ ಕೆಟ್ಟೈತೆ."

ಮಾತ್ರೆ ತಗೊಂಡರೆ ಮಣ್ಣು ಸರಿಹೋಗುತ್ತದೆ ಎಂದು ಡಾಕ್ಟರಮ್ಮ ಧೈರ್ಯ ಹೇಳಿದರು. ಮಾತ್ರೆ ಉಚಿತ. ಬದುಕಿರುವವರೆಗೆ ದಿನಕ್ಕೆ ಎರಡು ಸಲ, ಒಂದೂ ತಪ್ಪುವಂತಿಲ್ಲ. ತಪ್ಪದೆ ಎಣಿಸುವುದು ನನ್ನ ಕಸುಬೇ ಮೇಡಂ ಎಂದು ಅಕ್ಕ ನಕ್ಕಳು.

ನಾನು ನಗಲಿಲ್ಲ. ಅವತ್ತಿನಿಂದ ನನ್ನ ಮೂಳೆಗಳ ಮೇಲೆ ನನಗೇ ಗಮನ. ಲೇತಿನ ಮುಂದೆ ನಿಂತಾಗ ಮೊಣಕಾಲಿನ ಕೆಳಗೆ ಏನೋ ಸಣ್ಣಗೆ ಮುರಿದ ಹಾಗೆ ಆಗುತ್ತಿತ್ತು. ಒಳಗೆ ಸಸಿಗಳು ಸಾಯುತ್ತಿವೆ ಎಂದುಕೊಳ್ಳುತ್ತಿದ್ದೆ. ಭಾವನ ಬ್ಲೇಡು ನೆನಪಾಗುತ್ತಿತ್ತು.

ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಅಕ್ಕನ ರಕ್ತ ಇನ್ನೂ ಇಳಿಯಿತು. ರೋಗ ಒಂದು ಕಡೆಯಾದರೆ, ಆ ಮಾತ್ರೆಗಳಲ್ಲೊಂದು ಕೆಲವರ ಮಜ್ಜೆಗೆ ಒಗ್ಗುವುದಿಲ್ಲವಂತೆ. ಅದನ್ನು ಬದಲಾಯಿಸಿದರು. ಬದಲಾಯಿಸಿದ್ದು ಹಿಡಿಯುವವರೆಗೆ ಹೊರಗಿನ ರಕ್ತ ಏರಿಸಲೇಬೇಕು, ಮನೆಯವರು ಯಾರಾದರೂ ಬಂದು ಕೊಡಿ, ಎಂದರು. ಮನೆಯವರು ಎಂದರೆ ನಾನೊಬ್ಬನೇ. ಅಕ್ಕ ಹಾಸಿಗೆಯ ಮೇಲೆ ಎದ್ದು ಕೂರಲೂ ಏದುಸಿರು ಬಿಡುತ್ತಿದ್ದಳು. ತಿಂಡಿ ತಿಂದ್ಕೊಂಡು ಓಗು, ತಲೆ ಸುತ್ತೀತು, ಎಂದು ನನಗೆ ಹೇಳಿ ಕಳಿಸಿದಳು.

ರಕ್ತನಿಧಿ ಕೆಳಗಿನ ಮಹಡಿಯಲ್ಲಿ. ಬಿಳಿ ಕೋಟಿನವರೊಬ್ಬರು ನನ್ನ ಬೆರಳು ಚುಚ್ಚಿ, ಗಾಜಿನ ಮೇಲೆ ಎರಡು ಮೂರು ಹನಿ ಇಟ್ಟು, ಏನೋ ದ್ರವ ಸೇರಿಸಿ ಕಡ್ಡಿಯಿಂದ ಕಲಸಿದರು. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೇಜಿನ ಹತ್ತಿರ ಬರೆದುಕೊಳ್ಳುತ್ತಿದ್ದ ಹುಡುಗಿಗೆ ಕೂಗಿ ಹೇಳಿದರು.

"ಬಿ ಪಾಸಿಟಿವ್. ಬರ್ಕೊಳಮ್ಮ."

ನನ್ನ ಕಡೆ ತಿರುಗಿ, ಐದು ನಿಮಿಷ ಕೂತಿರಿ, ಬೆಡ್ ಖಾಲಿ ಆಗ್ಲಿ, ಎಂದರು.

ರಕ್ತಕ್ಕೆ ಗುಂಪುಗಳಿವೆ ಎಂದು ಕೇಳಿ ಗೊತ್ತಿತ್ತು. ಗುಂಪಿನ ಹೆಸರಿನಲ್ಲೂ ಇದೇ ಮಾತು ಬರುತ್ತದೆ ಎಂದು ಗೊತ್ತಿರಲಿಲ್ಲ. ನನಗೆ ಕೇಳಿಸಿದ್ದು ಬಾಗಿಲು ಮುಚ್ಚಿ ಅಕ್ಕನಿಗೆ ಹೇಳಿದ ಅದೇ ಮಾತು. ಅವಳಿಗೆ ಕುರ್ಚಿ ಎಳೆದುಕೊಂಡು ಮೆಲ್ಲಗೆ ಹೇಳಿದ್ದರು, ನನಗೆ ಎಲ್ಲರ ಮುಂದೆ ಕೂಗಿ ಹೇಳಿದರು. ಬಿ ಎಂದರೆ ಏನು ಎಂದು ಲೆಕ್ಕ ಹಾಕಿದೆ. ಎ ಎಂದರೆ ಸ್ವಲ್ಪ, ಬಿ ಎಂದರೆ ಜಾಸ್ತಿ ಇರಬೇಕು. ಪಕ್ಕದಲ್ಲಿ ಕೂತಿದ್ದವರು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಆ ಐದು ನಿಮಿಷ ನಾನು ಕೂರಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಬೆರಳಿನ ಹತ್ತಿ ಇನ್ನೂ ನನ್ನ ಕೈಯಲ್ಲೇ ಇರುವುದು ಕಂಡಿತು. ಮಧ್ಯದಲ್ಲಿ ಸಾಸಿವೆಯಷ್ಟು ಕೆಂಪು. ಕಿಟಕಿಯಿಂದ ಎಸೆಯಲು ಹೆದರಿಕೆ, ಯಾರಾದರೂ ತುಳಿದರೆ. ಸೀಟಿನ ಕೆಳಗೆ ಹಾಕಲು ಹೆದರಿಕೆ, ಮಕ್ಕಳು ಮುಟ್ಟಿದರೆ. ಟಿಕೆಟ್ಟಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡೆ. ಆಗ ತುಮಕೂರು ರಸ್ತೆಯ ಮೇಲ್ಸೇತುವೆಗೆ ಕಂಬ ಎಬ್ಬಿಸುತ್ತಿದ್ದರು. ಬಸ್ಸು ಆ ಧೂಳಿನಲ್ಲಿ ನಿಂತು ನಿಂತು ಹೋಗುತ್ತಿತ್ತು. ನಾನು ಜೇಬಿನ ಮೇಲೆ ಕೈ ಇಟ್ಟುಕೊಂಡು, ಹಾವನ್ನು ಒಯ್ಯುತ್ತಿರುವವನ ಹಾಗೆ ಕೂತಿದ್ದೆ. ನಮ್ಮ ಶಾಪಿನ ಹಿಂದಿನ ಹೊಂಗೆಮರದ ಬುಡದಲ್ಲಿ ಕಬ್ಬಿಣದ ಪಟ್ಟಿಯಿಂದ ಗುಂಡಿ ತೋಡಿ ಅದನ್ನು ಹೂತೆ.

ಸಂಜೆ ಆಸ್ಪತ್ರೆಗೆ ಹೋಗಿ ಅಕ್ಕನಿಗೆ ಹೇಳಿದೆ. "ನನ್ನ ರಕ್ತ ಸೇರಲ್ವಂತೆ ಅಕ್ಕ. ಗುಂಪು ಬೇರೆಯಂತೆ."

ಅವಳು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. "ಓಗ್ಲಿ ಬುಡು," ಎಂದಳು. "ಉಂಡ್ಯಾ?"

ರಕ್ತಕ್ಕೆ ಎರಡು ದಿನ ಕಾಯಬೇಕಾಯಿತು. ಎರಡನೆಯ ದಿನ ಬೆಳಿಗ್ಗೆ ಅವಳು ಮುಖ ತೊಳೆಯಲು ಒಬ್ಬಳೇ ನಲ್ಲಿಯ ಹತ್ತಿರ ಹೋಗಿ ತಲೆ ಸುತ್ತಿ ಬಿದ್ದಳು. ಬಲಗೈ ಮೈಕೆಳಗೆ ಸಿಕ್ಕಿ ಮಣಿಕಟ್ಟು ಮುರಿಯಿತು. ಮಧ್ಯಾಹ್ನ ಶೆಡ್ಡಿನ ಇಬ್ಬರು ಹೆಂಗಸರು ಅರ್ಧ ದಿನ ರಜೆ ಹಾಕಿ ಬಂದು ರಕ್ತ ಕೊಟ್ಟರು. ಬಂಧುವೂ ಅಲ್ಲ, ಜಾತಿಯೂ ಅಲ್ಲ. ಅಕ್ಕ ಬದುಕಿಕೊಂಡಳು. ಹೊಸ ಮಾತ್ರೆ ಹಿಡಿಯಿತು. ಮಣಿಕಟ್ಟು ಮಾತ್ರ ಸೊಟ್ಟಕ್ಕೆ ಕೂಡಿಕೊಂಡಿತು. ಹಿಡಿಕೆ ತಿರುಗಿಸಲು ಆ ಕೈ ಮತ್ತೆ ಬರಲಿಲ್ಲ. ಒಂದು ದಿನ ಮೊದಲು ರಕ್ತ ಏರಿದ್ದರೆ ಅವಳು ಬೀಳುತ್ತಿರಲಿಲ್ಲ. ಇದನ್ನು ಯಾವ ಡಾಕ್ಟರೂ ನನಗೆ ಹೇಳಬೇಕಾಗಿಲ್ಲ.

ಆಮೇಲಿನ ಎರಡೂವರೆ ವರ್ಷ ನಾನು ಸಾಯಲು ಕಾಯುತ್ತಿದ್ದವನ ಹಾಗೆ ಬದುಕಿದೆ. ಬೆಳಿಗ್ಗೆ ಎದ್ದ ಕೂಡಲೆ ಕನ್ನಡಿಯಲ್ಲಿ ರೆಪ್ಪೆ ಎಳೆದು ನೋಡಿಕೊಳ್ಳುವುದು, ಉಗುರು ಒತ್ತಿ ಕೆಂಪು ಮರಳಿ ಬರುವುದು ತಡವಾಯಿತೇ ಎಂದು ನೋಡುವುದು. ಹೆದರಿಕೆಗೆ ಅನ್ನ ಸೇರದೆ ಮೈ ಇಳಿಯಿತು. ಮೈ ಇಳಿದದ್ದು ನೋಡಿ ಹೆದರಿಕೆ ಹೆಚ್ಚಿತು. ಮಷೀನಿನಲ್ಲಿ ಬೆರಳು ಕೊಯ್ದುಕೊಂಡರೆ ಯಾರನ್ನೂ ಹತ್ತಿರ ಬಿಡದೆ ನಾನೇ ಬಟ್ಟೆ ಸುತ್ತಿಕೊಂಡು, ರಕ್ತ ಬಿದ್ದ ಜಾಗಕ್ಕೆ ಸೀಮೆಎಣ್ಣೆ ಸುರಿದು ಒರೆಸುತ್ತಿದ್ದೆ. ಇವನಿಗೇನೋ ಹಿಡಿದಿದೆ ಎಂದು ಜೊತೆಯವರು ಆಡಿಕೊಂಡರು.

ಮನೆಯಲ್ಲಿ ನನ್ನ ತಟ್ಟೆ ಲೋಟ ಬೇರೆ ಮಾಡಿಕೊಂಡೆ. ಅಕ್ಕನ ಮೈಗೆ ಇನ್ನೊಂದು ರೋಗ ತಡೆಯುವ ಶಕ್ತಿ ಇಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಅವಳಲ್ಲಿ ಇರುವುದರ ಮೇಲೆ ನನ್ನದೂ ಸೇರಿದರೆ ಎಂದು ನನ್ನ ಯೋಚನೆ. ಲೋಟದಿಂದ ಬರುವುದಿಲ್ಲ ಎಂದು ನನ್ನ ಕಿವಿಯಾರೆ ಕೇಳಿದ್ದೆ. ಹೆದರಿದವನಿಗೆ ಕಿವಿ ಇರುವುದಿಲ್ಲ. ಪೂರ್ತಿ ನಿಜ ಹೇಳಬೇಕೆಂದರೆ, ಅವಳ ಎದುರು ಕೂತು ಉಣ್ಣಲೂ ನನಗಾಗುತ್ತಿರಲಿಲ್ಲ. ಅವಳ ತೋಳಿನ ಮೂಳೆ ಕಂಡರೆ ನಾಳೆಯ ನನ್ನ ತೋಳು ಕಂಡ ಹಾಗಾಗುತ್ತಿತ್ತು.

ನಾನು ಲೋಟ ಬೇರೆ ಮಾಡಿಕೊಂಡ ವಾರದಲ್ಲೇ ಅಕ್ಕ ತನ್ನ ಲೋಟದ ಕಂಠಕ್ಕೆ ತಾಮ್ರದ ತಂತಿ ಸುತ್ತಿದಳು. ಬಿಗಿಯಾಗಿ, ಸಾಲಾಗಿ, ಆ ಸೊಟ್ಟ ಕೈಯಲ್ಲೇ. ಅಪ್ಪಿತಪ್ಪಿ ನಾನು ಅದರಲ್ಲಿ ಕುಡಿದುಬಿಡಬಾರದೆಂದು ಗುರುತು. ನಾನು ನೋಡಿದೆ. ಹಾಗಲ್ಲ ಅಕ್ಕ ಎನ್ನಲು ಬಾಯಿ ಬರಲಿಲ್ಲ. ಹಾಗಲ್ಲ ಎಂದರೆ ಹೇಗೆ ಎಂದು ಹೇಳಬೇಕಾಗುತ್ತಿತ್ತು.

ಅವಳು ಗೊತ್ತು ಮಾಡಿದ್ದ ಹೆಣ್ಣನ್ನು ಬೇಡ ಎಂದೆ. ಕಾರಣ ಹೇಳಲಿಲ್ಲ. ತನ್ನ ಕಾಯಿಲೆಯ ಸುದ್ದಿ ಹುಡುಗಿ ಕಡೆಯವರಿಗೆ ಮುಟ್ಟಿರಬೇಕು ಎಂದು ಅವಳು ತಿಳಿದಳು. ಸ್ವಲ್ಪ ದಿನಕ್ಕೆ ಕೆಲಸಕ್ಕೆ ಹತ್ತಿರ ಎಂದು ನೆಪ ತೆಗೆದು ಪೀಣ್ಯದಲ್ಲೇ ಒಂದು ರೂಮಿಗೆ ಹೊರಟುಹೋದೆ. ಹೊರಡುವಾಗ ಅವಳು ನನ್ನ ಚೀಲದ ಹರಿದ ಹಿಡಿಗೆ ತಂತಿ ಕಟ್ಟಿಕೊಟ್ಟಳು.

ತಿಂಗಳಿಗೊಮ್ಮೆ ಆಸ್ಪತ್ರೆಯಿಂದ ಮಾತ್ರೆ ತರಬೇಕಿತ್ತು. ಶೆಡ್ಡಿನವರು ಅವಳನ್ನು ಬಿಟ್ಟಿರಲಿಲ್ಲ. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಸುತ್ತು ಎಣಿಸುವುದು ಕಲಿಸಲು ಕೂರಿಸಿದ್ದರು. ಕೆಲಸದ ಒತ್ತಡ ಇದ್ದಾಗ ಅವಳಿಗೆ ರಜೆ ಸಿಗುತ್ತಿರಲಿಲ್ಲ. ನೀನು ತಂದುಕೊಡ್ತೀಯಾ ಎಂದು ಕೇಳುತ್ತಿದ್ದಳು. ಎರಡು ಸಲ ತಂದೆ. ಆ ಕಟ್ಟಡದ ಮೆಟ್ಟಿಲನ್ನು ತಲೆ ತಗ್ಗಿಸಿಕೊಂಡೇ ಹತ್ತಿ ಇಳಿಯುತ್ತಿದ್ದೆ. ಯಾರಾದರೂ ಗುರುತು ಹಿಡಿದು, ಅವತ್ತು ಓಡಿಹೋದವನು ನೀನೇ ಅಲ್ಲವೇ ಎಂದರೆ. ಮೂರನೆಯ ಸಲ ನನಗೂ ರಜೆ ಇಲ್ಲ ಎಂದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಒಂದೂ ತಪ್ಪಬಾರದು ಎಂದಿದ್ದ ಮಾತ್ರೆ ಕೆಲವು ತಿಂಗಳು ವಾರಗಟ್ಟಲೆ ತಪ್ಪಿತು. ಹಾಗೆ ಬಿಟ್ಟು ಬಿಟ್ಟು ತಗೊಂಡರೆ ವೈರಸ್ಸು ಮಾತ್ರೆಗೆ ಪಳಗಿಬಿಡುತ್ತದೆ ಎಂದು ನನಗೆ ತಿಳಿದದ್ದು ಬಹಳ ವರ್ಷ ಕಳೆದ ಮೇಲೆ.

ಇಷ್ಟರಲ್ಲಿ ನಮ್ಮ ಶಾಪಿಗೆ ಒಂದು ದೊಡ್ಡ ಕಂಪನಿಯ ಆರ್ಡರು ಸಿಕ್ಕಿತು. ಅವರ ಕಡೆಯವರು ನೋಡಲು ಬರುತ್ತಾರೆ, ಎಲ್ಲರ ಕೊರಳಲ್ಲೂ ಐಡಿ ಕಾರ್ಡು ಇರಬೇಕು, ಫೋಟೊ ಇರಬೇಕು, ಬ್ಲಡ್ ಗ್ರೂಪ್ ಇರಬೇಕು ಎಂದರು. ರಕ್ತ ನೋಡಲು ಲ್ಯಾಬಿನವನೊಬ್ಬ ಪೆಟ್ಟಿಗೆ ಹಿಡಿದು ಬಂದ. ನಾನು ಮೊದಲ ಸಲ ಕಕ್ಕಸಿನಲ್ಲಿ ಅಡಗಿದೆ, ಎರಡನೆಯ ಸಲ ರಜೆ ಹಾಕಿದೆ. ಮೂರನೆಯ ಸಲ ಸೂಪರ್‌ವೈಸರು, ಕಾರ್ಡಿಲ್ಲದಿದ್ದರೆ ಗೇಟಿನ ಒಳಗೆ ಬಿಡುವುದಿಲ್ಲ ಎಂದು ಕೈ ಹಿಡಿದು ತಂದು ಟೂಲ್ ರೂಮಿನಲ್ಲಿ ಕೂರಿಸಿ ಹೋದರು. ಲ್ಯಾಬಿನವನು ಸೂಜಿ ಬಿಚ್ಚಿದ.

"ಚುಚ್ಬೇಡಿ ಸಾರ್," ಎಂದೆ. "ನಂದು ಆಗ್ಲೇ ಒಂದ್ಸಲ ನೋಡವ್ರೆ."

"ಏನಂತೆ?"

ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದೆ. "ಪಾಸಿಟಿವ್."

"ಯಾವ ಪಾಸಿಟಿವ್?"

"ಬಿ."

"ಬಿ ಪಾಸಿಟಿವ್ವಾ. ಸರಿ, ಅದನ್ನೇ ಹಾಕ್ಕೊಂಡ್ರೆ ನಂಗೂ ಒಂದು ಕೆಲ್ಸ ಉಳೀತು. ಮುಂದಿನೋರ್ನ ಕಳಿಸ್ರೀ."

ನಾನು ಏಳಲಿಲ್ಲ. "ಕಾರ್ಡಲ್ಲಿ ಪ್ರಿಂಟ್ ಮಾಡ್ತೀರಾ ಸಾರ್?"

"ಮಾಡ್ದೆ ಇನ್ನೇನು? ಯಾಕ್ರೀ, ನಾಚ್ಕೆ ಆಗುತ್ತಾ? ನಂದೂ ಬಿ ಪಾಸಿಟಿವ್ವೇ, ನಿಮ್ಮ ಸೂಪರ್‌ವೈಸರ್ದೂ ಅದೇ."

ವಾರ ಕಳೆದು ಕಾರ್ಡುಗಳು ಬಂದವು. ಊಟದ ಹೊತ್ತಿಗೆ ನಾನು ಒಬ್ಬೊಬ್ಬರ ಎದೆಯ ಹತ್ತಿರ ಬಗ್ಗಿ ಓದಿದೆ. ಓ ಪಾಸಿಟಿವ್, ಎ ಪಾಸಿಟಿವ್, ಮತ್ತೆ ಓ. ಗ್ರೈಂಡಿಂಗ್ ಮಾಡುವವನು, ಏನ್ ಮಗಾ, ಜೇಬಲ್ಲಿ ಬೀಡಿ ಹುಡುಕ್ತಿದ್ದೀಯಾ, ಎಂದು ನನ್ನ ತಲೆಗೆ ಮೊಟಕಿದ. ಇಡೀ ಶಾಪೇ ಪಾಸಿಟಿವ್. ನಾನು ಹೊಂಗೆಮರದ ಬುಡಕ್ಕೆ ಹೋಗಿ, ಹತ್ತಿ ಹೂತ ಜಾಗದ ಮೇಲೆಯೇ ಕೂತುಬಿಟ್ಟೆ. ಅಳು ಬಂತೋ ನಗು ಬಂತೋ ಈಗ ನೆನಪಿಲ್ಲ. ಭಾವನ ಬ್ಲೇಡಿನ ಹೆದರಿಕೆ ಇನ್ನೂ ಉಳಿದಿತ್ತು. ಮಾರನೆಯ ದಿನ ನಿಜವಾದ ಪರೀಕ್ಷೆಗೆ ಹೋದೆ. ನೆಗೆಟಿವ್ ಎಂದರು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಅವತ್ತೇ ಮಾಕಳಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಬೇಕಿತ್ತು. ಬಾಗಿಲವರೆಗೆ ಹೋದೆ. ಅವಳು ಎಡಗೈಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಬಲಗೈ ಮಡಿಲಲ್ಲಿ ಮಡಚಿಕೊಂಡು ಬಿದ್ದಿತ್ತು. ನನ್ನ ಹೆದರಿಕೆ ಹುಸಿ ಎಂದು ಹೇಳಬೇಕಾದರೆ ಆ ಕೈ ಮುರಿದದ್ದು ಯಾವುದಕ್ಕೆ ಎಂಬುದನ್ನೂ ಹೇಳಬೇಕು. ಒಂದು ಮಾತು ತಪ್ಪಾಗಿ ಕೇಳಿಸಿಕೊಂಡದ್ದಕ್ಕೆ. ಯಾರನ್ನಾದರೂ ಒಮ್ಮೆ ಬಿ ಪಾಸಿಟಿವ್ ಅಂದರೇನು ಸಾರ್ ಎಂದು ಕೇಳಿದ್ದರೆ ಮುಗಿಯುತ್ತಿದ್ದ ಮಾತಿಗೆ. ಎಣಿಕೆ ತಪ್ಪಿದ ಶೆಡ್ಡಿನವರ ಹಾಗೆ ನಾನೂ ಮೇಲೆ ಕಾಗದ ಸುತ್ತಿದೆ. ರೂಮು ಖಾಲಿ ಮಾಡಿ ಬಂದಿದ್ದೇನೆ ಎಂದಷ್ಟೇ ಹೇಳಿ ಒಳಗೆ ಹೋದೆ. ಅವಳ ಲೋಟದಲ್ಲಿ ನೀರು ಕುಡಿದೆ. ಅವಳು ನೋಡಿಯೂ ನೋಡದ ಹಾಗಿದ್ದಳು. ತಂತಿ ಬಿಚ್ಚಲು ಹೋದರೆ, ಬುಡು, ಅಭ್ಯಾಸ ಆಗೈತೆ, ಎಂದು ಲೋಟ ತೆಗೆದುಕೊಂಡಳು.

ಅಲ್ಲಿಂದ ಅವಳಿಗೆ ಒಂದು ದಿನದ ಮಾತ್ರೆಯೂ ತಪ್ಪದ ಹಾಗೆ ನೋಡಿಕೊಂಡೆ. ಅವಳ ಶೆಡ್ಡಿನಲ್ಲಿ ಐದಾರು ವರ್ಷ ಯಾವ ಹೊಸ ಹುಡುಗಿ ಬಂದರೂ ಅವಳ ಪಕ್ಕ ಕೂತು, ಅವಳ ತುಟಿ ನೋಡಿ ಎಣಿಸಲು ಕಲಿತಳು. ಈಗಲೂ ಅಲ್ಲಿ ಮಾತನಾಡಿಸಿದರೆ ಎಲ್ಲರೂ ಕೊನೆಯ ಎರಡು ಬೆರಳು ಎತ್ತುತ್ತಾರಂತೆ. ಪ್ರತಿ ದಿನ ಹೇಳಬೇಕು ಎಂದುಕೊಂಡು, ಪ್ರತಿ ದಿನ ನಾಳೆ ಎಂದುಕೊಂಡೆ.

ಪೀಣ್ಯದ ಮೇಲೆ ಮೆಟ್ರೊ ಓಡಲು ಶುರುವಾದ ಮೇಲೆ ಒಂದು ದಿನ ಅಕ್ಕನ ತುಟಿಗೆ ಮತ್ತೆ ಆ ಬೂದಿ ಬಣ್ಣ ಬಂತು. ಮಾತ್ರೆಗೆ ವೈರಸ್ಸು ಪಳಗಿದೆ, ಮಜ್ಜೆಯಲ್ಲಿ ಏನೂ ಬಲಿಯುತ್ತಿಲ್ಲ, ಎಂದರು. ಬೇರೆ ಬಗೆಯ ಮಾತ್ರೆ ಬರೆದರು. ಈ ಸಲ ಡಾಕ್ಟರು ಧೈರ್ಯದ ಮಾತು ಕಡಿಮೆ ಆಡಿದರು. ರಕ್ತ ಕೊಡಿ ಎಂದರು. ಹೋದೆ. ಕುರ್ಚಿಯ ಮೇಲೆ ಒರಗಿ ತೋಳು ಚಾಚಿದೆ. ಚೀಲ ತುಂಬುತ್ತಿರುವಾಗ ನರ್ಸಮ್ಮನನ್ನು ಕೇಳಿದೆ, ನಮ್ಮಕ್ಕನ ಗುಂಪೂ ಇದೇನಾ, ಸೇರುತ್ತಾ ಎಂದು. ಅವರು ನಕ್ಕರು. ಯಾವ ಗುಂಪಾದರೂ ಆಗುತ್ತದೆ, ನೀವು ಕೊಟ್ಟಿದ್ದಕ್ಕೆ ಬದಲು ಅವರ ಗುಂಪಿನ ಚೀಲ ನಾವು ಕೊಡುತ್ತೇವೆ, ಎಂದರು. ಮೊದಲಿನಿಂದಲೂ ಹೀಗೇನಾ ಎಂದೆ. ನಾನು ಕೆಲಸಕ್ಕೆ ಸೇರಿದಾಗಿನಿಂದ ಹೀಗೇ, ವಾರ್ಡಿನಲ್ಲಿ ಎಲ್ಲ ಪೇಷೆಂಟಿಗೂ ಹೇಳಿರುತ್ತೇವೆ, ಎಂದರು.

ಹಾಗಾದರೆ ಅವತ್ತು ಸಂಜೆ ನಾನು ಹೇಳಿದ್ದು ಸುಳ್ಳು ಎಂದು ಅಕ್ಕನಿಗೆ ಅಲ್ಲೇ ಗೊತ್ತಿತ್ತು. ಗೊತ್ತಿದ್ದೂ, ಉಂಡ್ಯಾ ಎಂದು ಕೇಳಿದ್ದಳು. ಗೊತ್ತಿದ್ದೂ ಲೋಟಕ್ಕೆ ತಂತಿ ಸುತ್ತಿದ್ದಳು. ತಮ್ಮ ತನಗೆ ರಕ್ತ ಕೊಡಲು ಅಸಹ್ಯಪಟ್ಟ ಎಂದೇ ಇಷ್ಟು ವರ್ಷ ತಿಳಿದು, ನನಗೆ ಬಡಿಸಿದ್ದಳು.

ಮೊಣಕೈಗೆ ಹತ್ತಿ ಅಂಟಿಸಿಕೊಂಡು ಮೇಲೆ ಬಂದೆ. ಕಿಟಕಿಯ ಬಿಸಿಲಿನಲ್ಲಿ ಅವಳ ಹಾಸಿಗೆ. ಯಾರದೋ ರಕ್ತದ ಚೀಲ ತೂಗುತ್ತಿತ್ತು. ಅವಳ ಕಣ್ಣು ಹನಿ ಬೀಳುವ ಕೊಳವೆಯ ಮೇಲಿತ್ತು. ತುಟಿ ಅಲುಗುತ್ತಿದ್ದವು. ಅಕ್ಕ ಎಂದೆ. ಎಡಗೈಯ ಕೊನೆಯ ಎರಡು ಬೆರಳು ಎದ್ದವು. ನಿಂತುಕೊಂಡೆ. ನೂರು ಆಗಿರಬೇಕು, ಬೆರಳು ಕೆಳಗಿಳಿದವು. ನನ್ನ ಮೊಣಕೈಯ ಹತ್ತಿ ನೋಡಿದಳು.

"ಕೊಟ್ಯಾ?" ಎಂದಳು.

"ಊಂ."

ಬಾಯಿಯ ಒಂದು ಮೂಲೆಯಲ್ಲಿ ನಗು ಬಂತು. "ಈ ಸಲ ಸೇರ್ತಾ?"

ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ. ಆ ಸೊಟ್ಟ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪಕ್ಕದ ಹಾಸಿಗೆಯವರಿಗೆ ಕೇಳಿಸಿತೋ ಏನೋ, ನನಗೆ ಅದರ ಗಮನ ಇರಲಿಲ್ಲ.

"ಅವತ್ತೂ ಸೇರ್ತಿತ್ತು ಅಕ್ಕ. ನಾನು ಕೊಡ್ದೆ ಓಡ್ಬಂದೆ. ನಂಗೂ ಪಾಸಿಟಿವ್ ಅಂದ್ರು ಅಂತ ತಪ್ಪಾಗಿ ಕೇಳ್ಕೊಂಡು ಎದ್ರುಕೊಂಡೆ. ಲೋಟ ಬೇರೆ ಮಾಡಿದ್ದು ನಿನ್ನ ಕಂಡು ಅಸಹ್ಯ ಆಗಿ ಅಲ್ಲ, ನನ್ನಿಂದ ನಿಂಗೆ ತಗಲ್ತದೆ ಅಂತ. ನಿನ್ ಕೈ ಮುರಿದಿದ್ದು ನನ್ನಿಂದ. ಮಾತ್ರೆ ತಪ್ಪಿದ್ದೂ ನನ್ನಿಂದ. ತಪ್ಪಾಯ್ತು ಕಣಕ್ಕ. ಮುಚ್ಚಿಟ್ಟಿದ್ದೂ ತಪ್ಪಾಯ್ತು."